ಗಜನಿಯ ಕಟ್ಟೆಯೂ ಪ್ರಾರ್ಥನೆಯ ವೇಳೆಯೂ

ಓದತಕ್ಕ ವೇದಭಾಗಗಳು: ಮಾರ್ಕ 1:29–38; ವಿಮೋಚನಕಾಂಡ 17:8–13



ಕುಮಟಾ, ಹೊನ್ನಾವರ, ಭಟ್ಕಳ ಸೀಮೆಯ ಮನೆಗಳನ್ನು ನಾವು ಸಂದರ್ಶಿಸುವಾಗ, ಇಲ್ಲಿ ದಿನಾಲು ಪ್ರಾರ್ಥನೆ ನಡೆಯುತ್ತದೋ ಎಂದು ವಿಚಾರಿಸಿದರೆ ದೊರೆಯುವ ಉತ್ತರವು ಬಹುಮಟ್ಟಿಗೆ ಒಂದೇ ಆಗಿರುತ್ತದೆ. ಪ್ರಾರ್ಥನೆ ಬೇಡವೆಂದು ಯಾವನೂ ಹೇಳುವದಿಲ್ಲ. ಪ್ರಾರ್ಥನೆಯಿಂದ ಪ್ರಯೋಜನವಿಲ್ಲವೆಂದೂ ಯಾವಳೂ ಹೇಳುವದಿಲ್ಲ. ಎಲ್ಲರೂ ತಲೆತಗ್ಗಿಸಿ, ವೇಳೆ ಎಲ್ಲಿದೆ ಎಂದು ಕೇಳುತ್ತಾರೆ. ಆದಕಾರಣ ಈ ತಿಂಗಳು ನಾವು ಈ ಒಂದು ಪ್ರಶ್ನೆಯನ್ನೇ ದೇವರ ವಾಕ್ಯದ ಮುಂದೆ ಇಟ್ಟು ಆಲೋಚಿಸೋಣ.

ಮೊದಲು ನಾವು ನ್ಯಾಯವಾಗಿ ಮಾತಾಡಬೇಕು. ಈ ಉತ್ತರವು ಬರೇ ನೆವವೆಂದು ತಳ್ಳಿಬಿಡತಕ್ಕದ್ದಲ್ಲ. ಪಟ್ಟಣದ ಕಚೇರಿಯಲ್ಲಿ ಕೂತು ಕೆಲಸಮಾಡುವವನಿಗೆ ಗಡಿಯಾರವು ಒಡೆಯನಾಗಿದೆ; ಅದು ದಿನಾಲು ಒಂದೇ ಮಾತನ್ನು ಹೇಳುತ್ತದೆ. ನಮ್ಮ ಕರಾವಳಿಯಲ್ಲಾದರೋ ಸಮುದ್ರವೇ ಒಡೆಯನು. ಒಂದು ಭರತದಿಂದ ಮತ್ತೊಂದು ಭರತಕ್ಕೆ ಹನ್ನೆರಡು ತಾಸಿಗಿಂತ ಸ್ವಲ್ಪ ಹೆಚ್ಚು ಹಿಡಿಯುವದರಿಂದ, ಇಂದಿನ ಇಳಿತವು ನಾಳೆ ಸುಮಾರು 50 ನಿಮಿಷ ತಡವಾಗಿ ಬರುವದು. ಅಘನಾಶಿನಿಯ ಅಳಿವೆಯಲ್ಲಿ ಬೆಳಚು ಆರಿಸುವ ಸಹೋದರಿಯು ಈ ವಾರ ಬೆಳಿಗ್ಗೆ ನೀರಿಗಿಳಿದರೆ, ಮುಂದಿನ ವಾರ ಮಧ್ಯಾಹ್ನದ ಬಿಸಿಲಿನಲ್ಲಿ ಇಳಿಯಬೇಕಾಗುವದು. ಬಲೆ ಬೀಸುವವನು ನಡುರಾತ್ರಿಯಲ್ಲಿ ಏಳುತ್ತಾನೆ. ಮೀನು ಮಾರುವವಳು ದೋಣಿ ದಡಕ್ಕೆ ಬರುವ ಮೊದಲೇ ಬುಟ್ಟಿ ಹಿಡಿದು ಕಾಯುತ್ತಾಳೆ. ಮನೆಯ ಯೌವನಸ್ಥನು ಕೂಲಿಗಾಗಿ ಗೋವೆಗೋ ಮಲ್ಪೆಗೋ ಹೋಗಿದ್ದಾನೆ. ಇಂಥಾ ಮನೆಗೆ ಹೋಗಿ, ಪ್ರತಿದಿನ ಆರು ಗಂಟೆಗೆ ಎಲ್ಲರೂ ಕೂಡಿ ಮೊಣಕಾಲೂರಿರಿ ಎಂದು ಬೋಧಿಸುವದು ಸುಲಭ. ಆ ಬೋಧನೆಯನ್ನು ಕೈಕೊಳ್ಳುವದು ಸುಲಭವಲ್ಲ.

ಆದರೂ ಪ್ರಿಯರೇ, ಮತ್ತೊಂದು ಮಾತನ್ನೂ ನ್ಯಾಯವಾಗಿಯೇ ಹೇಳಬೇಕು. ಇಳಿತವು ದಿನದಿನಕ್ಕೆ ಸರಿದುಹೋದರೂ, ಅದರ ವೇಳೆಯನ್ನು ಮರೆತು ಮಲಗಿಕೊಂಡ ಬೆಳಚಿನವಳನ್ನು ನಾವು ಎಲ್ಲಿಯೂ ಕಂಡಿಲ್ಲ. ಅಕ್ಷರ ತಿಳಿಯದವಳೂ ಚಂದ್ರನನ್ನು ನೋಡಿ, ನೀರು ಎಷ್ಟು ಹೊತ್ತಿಗೆ ತಗ್ಗುವದೆಂದು ಹೇಳುತ್ತಾಳೆ. ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಭರತವು ಹೆಚ್ಚೆಂಬದು ಅವಳ ಮಕ್ಕಳಿಗೂ ಗೊತ್ತು. ಇದನ್ನು ಅವಳಿಗೆ ಯಾವ ಶಾಲೆಯು ಕಲಿಸಿತು? ಅವಶ್ಯಕತೆಯೇ ಕಲಿಸಿತು. ಗಂಜಿಯು ಯಾವುದರಿಂದ ಬರುತ್ತದೋ ಅದರ ವೇಳೆಯನ್ನು ಮನುಷ್ಯನು ಮರೆಯುವದಿಲ್ಲ.

ಇದಲ್ಲದೆ, ವರುಷ ವರುಷವೂ ಜೂನ್ 1ರಿಂದ ಜುಲೈ 31ರ ವರೆಗೆ, ಮೀನುಗಳು ಮರಿಮಾಡುವ ಕಾಲವೆಂದು, ಯಾಂತ್ರಿಕ ದೋಣಿಗಳು ಕಡಲಿಗೆ ಹೋಗಬಾರದೆಂಬ ಸರಕಾರದ ಕಟ್ಟಳೆಯು ನಮ್ಮ ಕರಾವಳಿಯಲ್ಲಿದೆ. ಆ 61 ದಿವಸಗಳಲ್ಲಿ ದೋಣಿಗಳು ದಡದ ಮೇಲಿರುತ್ತವೆ. ಬಲೆ ಹೆಣೆಯುವ ಕೆಲಸವೂ ದಿನವೆಲ್ಲಾ ಹಿಡಿಯುವದಿಲ್ಲ. ಹಾಗಾದರೆ ಆ ಎರಡು ತಿಂಗಳು ನಮ್ಮ ಮನೆಗಳಲ್ಲಿ ಪ್ರಾರ್ಥನೆಯು ಹೆಚ್ಚಾಗುತ್ತದೋ? ಒಬ್ಬೊಬ್ಬನು ತನ್ನ ಮನಸ್ಸಿನಲ್ಲಿಯೇ ಉತ್ತರಕೊಡಲಿ. ಬಿಡುವು ತಾನಾಗಿ ಪ್ರಾರ್ಥನೆಯಾಗಿ ಮಾರ್ಪಡುವದಿಲ್ಲ. ಕೆಲಸವಿರುವಾಗ ಕೆಲಸವು ಪ್ರಾರ್ಥನೆಯ ವೇಳೆಯನ್ನು ನುಂಗುವದು. ಕೆಲಸವಿಲ್ಲದಾಗ ಮೈಗಳ್ಳತನವೂ ಹರಟೆಯೂ ಕೈಯಲ್ಲಿಯ ಮೊಬೈಲೂ ಅದನ್ನು ನುಂಗುವವು.

ಈಗ ನಮ್ಮ ಕರ್ತನನ್ನು ನೋಡೋಣ. ಮಾರ್ಕನು ವರ್ಣಿಸುವ ಆ ದಿನವು ಬಿಡುವಿನ ದಿನವಾಗಿರಲಿಲ್ಲ. ಯೇಸು ಸ್ವಾಮಿಯು ಕಪೆರ್ನೌಮಿನ ಸಭಾಮಂದಿರದಲ್ಲಿ ಬೋಧಿಸಿ, ದೆವ್ವಹಿಡಿದವನನ್ನು ಬಿಡಿಸಿ, ಬೆಸ್ತನಾದ ಸೀಮೋನನ ಮನೆಗೆ ಬಂದು, ಜ್ವರದಿಂದ ಮಲಗಿದ್ದ ಅವನ ಅತ್ತೆಯನ್ನು ಕೈಹಿಡಿದು ಎಬ್ಬಿಸಿದನು. ಹೊತ್ತು ಮುಣುಗಿದ ಮೇಲೆ ಊರಿಗೆ ಊರೇ ಆ ಮನೆಯ ಬಾಗಲಲ್ಲಿ ಕೂಡಿಬಂತು. ಎಷ್ಟು ರೋಗಿಗಳ ಮೇಲೆ ಕೈಯಿಟ್ಟನೋ, ಎಷ್ಟು ಹೊತ್ತಿಗೆ ಮಲಗಿದನೋ ಬರೆದಿಲ್ಲ. ಮಾರಣೆಯ ದಿನ ಇನ್ನೂ ಕತ್ತಲಿರುವಾಗಲೇ ಆತನು ಎದ್ದು, ಜನರಿಲ್ಲದ ಸ್ಥಳಕ್ಕೆ ಹೋಗಿ ಪ್ರಾರ್ಥಿಸಿದನು. ಸೀಮೋನನೂ ಸಂಗಡಿಗರೂ ಆತನನ್ನು ಹುಡುಕುತ್ತಾ ಬಂದು, ಎಲ್ಲರೂ ನಿನ್ನನ್ನು ಅರಸುತ್ತಾರೆಂದು ಹೇಳಿದರು.

ಇದರಲ್ಲಿ ಒಂದು ಮಾತನ್ನು ಗಮನಿಸಿರಿ. ಜನರೆಲ್ಲರೂ ಅರಸುತ್ತಿದ್ದದ್ದು ಸುಳ್ಳಲ್ಲ. ಬಾಗಲಲ್ಲಿ ಕೆಲಸವು ನಿಜವಾಗಿ ಕಾದಿತ್ತು. ದೇವಕುಮಾರನಿಗೂ ಕೆಲಸವು ಮುಗಿದ ಮೇಲೆ ಉಳಿದ ವೇಳೆ ಎಂಬದು ದೊರಕಲಿಲ್ಲ. ಆತನು ಕೆಲಸವು ಬಂದು ಕದ ತಟ್ಟುವ ಮೊದಲೇ ತಂದೆಯ ಬಳಿಗೆ ಹೋದನು. ಮತ್ತು ಆ ಪ್ರಾರ್ಥನೆಯಿಂದ ಏಳುವಾಗ, ತಾನು ಆ ದಿನ ಎಲ್ಲಿಗೆ ಹೋಗತಕ್ಕದ್ದೆಂದು ಆತನಿಗೆ ಸ್ಪಷ್ಟವಾಗಿತ್ತು. ಸೀಮೋನನು ಹಿಂದಕ್ಕೆ ಕರೆದರೂ, ಆತನು ನೆರೆಯ ಊರುಗಳಿಗೆ ಸಾರುವದಕ್ಕೆ ಹೊರಟನು.

ಹಾಗಾದರೆ ವೇಳೆಯನ್ನು ಉಳಿಸಿಕೊಳ್ಳುವದು ಹೇಗೆ? ನಮ್ಮ ಸೀಮೆಯ ಗಜನಿ ಭೂಮಿಯು ಇದನ್ನು ನಮಗೆ ಚೆನ್ನಾಗಿ ಬೋಧಿಸುತ್ತದೆ. ಮಾಣಿಕಟ್ಟೆಯ ಸುತ್ತುಮುತ್ತಲೂ ಅಘನಾಶಿನಿಯ ತೀರದಲ್ಲಿಯೂ ಇರುವ ಈ ಭೂಮಿಯು ಸಮುದ್ರದ ಮಟ್ಟಕ್ಕೆ ಹತ್ತಿರವಾದದ್ದು. ಅದನ್ನು ಹಾಗೆಯೇ ಬಿಟ್ಟರೆ ದಿನಕ್ಕೆ ಎರಡು ಸಾರಿ ಉಪ್ಪುನೀರು ಅದರ ಮೇಲೆ ಹರಿಯುವದು. ಆದಕಾರಣ ಹಿರಿಯರು ಕಟ್ಟೆ ಹಾಕಿ, ನೀರು ಹೋಗಿಬರುವಲ್ಲಿ ಹಲಗೆಯ ಬಾಗಲುಗಳನ್ನಿಟ್ಟರು. ಮಳೆಗಾಲದ ನೀರು ಮಣ್ಣಿನ ಉಪ್ಪನ್ನು ತೊಳೆದ ಮೇಲೆ ಅಲ್ಲಿ ಕಗ್ಗ ಭತ್ತವನ್ನು ಬಿತ್ತುತ್ತಾರೆ. ಕಗ್ಗವು ಸ್ವಲ್ಪ ಉಪ್ಪನ್ನೂ ಕೆಲವು ದಿವಸಗಳ ನೆರೆಯನ್ನೂ ತಾಳಿಕೊಳ್ಳುವ ಗಟ್ಟಿಯಾದ ಬೆಳೆ. ಅದಕ್ಕೆ ಗೊಬ್ಬರವೂ ಆರೈಕೆಯೂ ಹೆಚ್ಚಾಗಿ ಬೇಡ. ಕಟ್ಟೆಯು ಮಾತ್ರ ಬೇಕು. ಕೊಯ್ಲು ಮುಗಿದ ತರುವಾಯ ಬಾಗಲನ್ನು ತೆರೆದರೆ ಅದೇ ಉಪ್ಪುನೀರು ಸೀಗಡಿಯನ್ನೂ ಮೀನನ್ನೂ ತಂದುಕೊಡುತ್ತದೆ. ಸಮುದ್ರವು ಗಜನಿಯ ವೈರಿಯಲ್ಲ. ಆದರೆ ಬೆಳೆಯು ನಿಂತಿರುವಾಗ ಅದು ಹೊರಗಿರತಕ್ಕದ್ದು.

ಪ್ರಿಯರೇ, ನಮ್ಮ ಕೆಲಸವೂ ಈ ಸಮುದ್ರದ ಹಾಗಿದೆ. ಅದು ಕೆಟ್ಟದ್ದಲ್ಲ, ಅದರಿಂದಲೇ ನಮ್ಮ ಮಕ್ಕಳು ಬದುಕುತ್ತಾರೆ. ಆದರೆ ಅದು ತಾನಾಗಿ ಹಿಂದೆ ಸರಿದು, ಇಗೋ ಇದು ನಿನ್ನ ಪ್ರಾರ್ಥನೆಗೆ ಎಂದು ಅಂಗೈಯಷ್ಟು ಸ್ಥಳವನ್ನೂ ಬಿಡುವದಿಲ್ಲ. ಕಟ್ಟೆಯನ್ನು ನಾವೇ ಹಾಕಬೇಕು. ದೊಡ್ಡ ಕಟ್ಟೆಯು ದೊಡ್ಡ ಅಲೆಯಿಂದಲೇ ಒಡೆಯಬೇಕೆಂದಿಲ್ಲ; ಏಡಿ ಕೊರೆದ ಸಣ್ಣ ತೂತಿನಿಂದ ನೀರು ಜಿನುಗಿ, ರಾತ್ರಿ ಕಳೆಯುವದರೊಳಗೆ ಹೊಲವೆಲ್ಲಾ ಉಪ್ಪಾಗುವದುಂಟು. ಹಾಗೆಯೇ, ಇದೊಂದು ಕೆಲಸ ಮುಗಿಸಿ ಬರುವೆನು, ಇದೊಂದು ಸುದ್ದಿಯನ್ನು ಕೇಳಿ ಬರುವೆನು ಎಂಬ ಚಿಕ್ಕ ತೂತುಗಳಿಂದ ನಮ್ಮ ದಿನವೆಲ್ಲಾ ಉಪ್ಪಾಗಿಹೋಗುತ್ತದೆ.

ಕಟ್ಟೆಯ ವಿಷಯವಾಗಿ ಇನ್ನೊಂದು ಮಾತುಂಟು. ಅದೇ ಈ ಬೋಧನೆಯ ಮುಖ್ಯ ಮಾತು. ಗಜನಿಯ ಕಟ್ಟೆಯನ್ನು ಒಬ್ಬನೇ ಕಟ್ಟಲಾರನು, ಒಬ್ಬನೇ ಕಾಯಲಾರನು. ಒಬ್ಬನ ಹೊಲದ ಬಳಿಯಲ್ಲಿ ಅದು ಒಡೆದರೆ ಎಲ್ಲರ ಹೊಲಕ್ಕೂ ನೀರು ನುಗ್ಗುವದು. ಪ್ರಾರ್ಥನೆಯ ವೇಳೆಯೂ ಹಾಗೆಯೇ. ಪೂರ್ವಕಾಲದ ವಿಶ್ವಾಸಿಗಳು ಇದನ್ನು ಅರಿತಿದ್ದರು. ಸ್ವದೇಶವಾದ ಮೊರಾವಿಯದಲ್ಲಿ ಮತದ ನಿಮಿತ್ತ ಹಿಂಸೆಪಟ್ಟ ಬಡವರು ಜರ್ಮನಿಗೆ ಓಡಿಬಂದು ಹೆರ್ನ್‌ಹೂಟ್ ಎಂಬ ಹಳ್ಳಿಯಲ್ಲಿ ನೆಲೆಸಿದರು. ಬಡಗಿಗಳು, ಕುಂಬಾರರು ಮುಂತಾದ ಕೈಕಸುಬಿನವರೇ ಅವರಲ್ಲಿ ಬಹುಮಂದಿ. 1727ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಅವರೊಳಗೆ 24 ಮಂದಿ ಗಂಡಸರೂ 24 ಮಂದಿ ಹೆಂಗಸರೂ ಹಗಲಿರುಳಿನ ತಾಸುಗಳನ್ನು ತಮ್ಮೊಳಗೆ ಹಂಚಿಕೊಂಡು, ಒಬ್ಬೊಬ್ಬರು ಒಂದೊಂದು ತಾಸು ಪ್ರಾರ್ಥಿಸಲು ಒಪ್ಪಂದ ಮಾಡಿಕೊಂಡರು. ಹೀಗೆ ಆರಂಭವಾದ ಪ್ರಾರ್ಥನೆಯು ನೂರು ವರುಷಕ್ಕೂ ಹೆಚ್ಚು ಕಾಲ ನಡೆಯಿತು. ಯಾವನೂ ದಿನವೆಲ್ಲಾ ಪ್ರಾರ್ಥಿಸಲಿಲ್ಲ. ಒಬ್ಬನು ಪ್ರಾರ್ಥಿಸುವಾಗ ಮತ್ತೊಬ್ಬನು ಉಳಿಯ ಕೆಲಸವನ್ನು ಮಾಡಿದನು. ಅವನ ತಾಸು ಬಂದಾಗ ಇವನು ಕೆಲಸಕ್ಕೆ ಹೋದನು.

ನಮ್ಮ ಕರಾವಳಿಯ ಕಥೆಯೂ ಇದಕ್ಕೆ ದೂರವಾದದ್ದಲ್ಲ. ಬಾಸೆಲ್ ಮಿಷನಿನ ಮೊದಲನೆಯ ಮೂವರು ಬೋಧಕರು 1834ರಲ್ಲಿ ಮಂಗಳೂರಿನಲ್ಲಿ ಇಳಿದ ತರುವಾಯ, ಕ್ರೈಸ್ತರಾಗಿ ಜೀವನಮಾರ್ಗವನ್ನು ಕಳಕೊಂಡವರಿಗೆ ಕೆಲಸವಾಗಲೆಂದು ಅಲ್ಲಿ ನೇಯ್ಗೆಯ ಕಾರ್ಖಾನೆಯು ಹುಟ್ಟಿತು. 1865ರಲ್ಲಿ ಹೆಂಚಿನ ಕಾರ್ಖಾನೆಯೂ ಆರಂಭವಾಯಿತು. ಆ ಕಾರ್ಖಾನೆಗಳಲ್ಲಿ ದಿನದ ಕೆಲಸವು ದೇವರ ವಾಕ್ಯದಿಂದಲೂ ಪ್ರಾರ್ಥನೆಯಿಂದಲೂ ತೊಡಗುತ್ತಿತ್ತು. ಆಗ ಕೆಲಸದವನು ವೇಳೆಯನ್ನು ಹುಡುಕಬೇಕಾಗಿರಲಿಲ್ಲ. ಕಟ್ಟೆಯನ್ನು ಬೇರೆಯವರು ಕಟ್ಟಿಕೊಟ್ಟಿದ್ದರು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಆ ಕಾರ್ಖಾನೆಗಳು ಮಿಷನಿನ ಕೈಬಿಟ್ಟುಹೋದವು. ಇಂದು ನಮ್ಮ ದೋಣಿಯ ಸಾಹುಕಾರನಾಗಲಿ, ಗುತ್ತಿಗೆದಾರನಾಗಲಿ, ಹೆದ್ದಾರಿಯ ಕೆಲಸದವನಾಗಲಿ ಪ್ರಾರ್ಥನೆ ಮಾಡಿ ಬಾ ಎಂದು ನಮಗೆ ಹೇಳುವದಿಲ್ಲ. ಆದಕಾರಣ ನಮ್ಮ ಮನೆಯ ಕಟ್ಟೆಯನ್ನು ನಮ್ಮ ಮನೆಯವರೇ ಕಟ್ಟಬೇಕು.

ಹೀಗಿರಲಾಗಿ, ಮನೆಯಲ್ಲಿ ಯಾರ ವೇಳೆಯು ಹೆಚ್ಚಾಗಿ ಕಟ್ಟೆಯಿಲ್ಲದೆ ಬಿದ್ದಿದೆ ಎಂದು ವಿಚಾರಿಸೋಣ. ಮನೆಯ ಯಜಮಾನನು ಬೆಳಿಗ್ಗೆ ಎದ್ದು, ಸತ್ಯವೇದವನ್ನು ತೆರೆದು, ಎಲ್ಲರೂ ಬನ್ನಿರಿ ಎಂದು ಕರೆಯುತ್ತಾನೆಂದಿಟ್ಟುಕೊಳ್ಳಿರಿ. ಮಕ್ಕಳು ಬಂದು ಕೂತುಕೊಳ್ಳುತ್ತಾರೆ. ತಾಯಿಯಾದರೋ ಬಾವಿಯ ಬಳಿಯಲ್ಲಿದ್ದಾಳೆ, ಇಲ್ಲವೆ ಒಲೆಯ ಮುಂದಿದ್ದಾಳೆ, ಇಲ್ಲವೆ ಮೀನಿನ ಬುಟ್ಟಿಯನ್ನು ಹೊತ್ತು ಆಗಲೇ ಹಾದಿಯಲ್ಲಿದ್ದಾಳೆ. ಅವಳ ಕಿವಿಗೆ ಅರ್ಧ ಕೀರ್ತನೆಯು ಬೀಳುತ್ತದೆ. ಆಮೆನ್ ಎಂಬದು ಬಿದ್ದರೂ ಬೀಳುತ್ತದೆ, ಬೀಳದಿದ್ದರೂ ಇಲ್ಲ. ಆ ಮನೆಯಲ್ಲಿ ದಿನಾಲು ಪ್ರಾರ್ಥನೆ ನಡೆಯುತ್ತದೆಂದು ಸಭೆಯ ಹಿರಿಯರು ಬರಕೊಳ್ಳುತ್ತಾರೆ. ಆದರೆ ಅವಳು ಪ್ರಾರ್ಥಿಸಿದಳೋ? ಅವಳ ಬೆವರಿನ ಮೇಲೆ ಉಳಿದವರ ಪ್ರಾರ್ಥನೆಯು ಕೂತಿರುವದಾದರೆ, ಅದು ದೇವರ ಮುಂದೆ ಸಂಪೂರ್ಣವಾದ ಕುಟುಂಬ ಪ್ರಾರ್ಥನೆಯಾಗುವದು ಹೇಗೆ?

ವಿಮೋಚನಕಾಂಡದ 17ನೆಯ ಅಧ್ಯಾಯವನ್ನು ಓದಿರಿ. ಇಸ್ರಾಯೇಲ್ಯರು ಅಮಾಲೇಕ್ಯರೊಡನೆ ಯುದ್ಧಮಾಡುವಾಗ ಮೋಶೆಯು ಗುಡ್ಡದ ಮೇಲೆ ಕೈಯೆತ್ತಿ ನಿಂತನು. ಅವನ ಕೈ ಎತ್ತಿರುವಾಗ ಇಸ್ರಾಯೇಲ್ಯರಿಗೆ ಜಯವೂ, ಇಳಿದಾಗ ವೈರಿಗಳಿಗೆ ಜಯವೂ ಆಗುತ್ತಿತ್ತು. ಆದರೆ ಕೈಗಳು ಮಾಂಸದ ಕೈಗಳು; ಅವು ದಣಿದವು. ಆಗ ಆರೋನನೂ ಹೂರನೂ, ನಿನ್ನ ನಂಬಿಕೆಯು ಕಡಿಮೆಯಾಯಿತೆಂದು ಮೋಶೆಯನ್ನು ಗದರಿಸಲಿಲ್ಲ. ಅವರು ಒಂದು ಕಲ್ಲನ್ನು ತಂದು ಅವನನ್ನು ಕೂಡ್ರಿಸಿದರು. ಆಚೆ ಒಬ್ಬನು ಈಚೆ ಒಬ್ಬನು ನಿಂತು, ಹೊತ್ತು ಮುಣುಗುವ ವರೆಗೆ ಅವನ ಕೈಗಳನ್ನು ಆತುಕೊಂಡರು. ದಣಿದವನಿಗೆ ಅವರು ಉಪದೇಶವನ್ನು ಕೊಡದೆ ಕೂಡ್ರುವದಕ್ಕೆ ಕಲ್ಲನ್ನು ಕೊಟ್ಟರು.

ಸಹೋದರರೇ, ನಿಮ್ಮ ಮನೆಯಲ್ಲಿ ದಣಿದ ಕೈಗಳು ಯಾರವು? ನಿಮ್ಮ ಹೆಂಡತಿಯು ಪ್ರಾರ್ಥಿಸಬೇಕೆಂದು ನೀವು ಬಯಸುವದಾದರೆ ಕೊಡವನ್ನು ಕೈಗೆ ತಕ್ಕೊಳ್ಳಿರಿ. ಮಗಳು ಸತ್ಯವೇದವನ್ನು ಓದಬೇಕೆಂದಿದ್ದರೆ ಅಂಗಳವನ್ನು ಮಗನು ಗುಡಿಸಲಿ. ಗಂಡಸು ನೀರು ಹೊತ್ತರೆ ನೆರೆಯವರು ನಗುವರೆಂಬ ಅಂಜಿಕೆಯು ಕೆಲವರಲ್ಲಿದೆ. ನಮ್ಮ ಕರ್ತನು ಶಿಷ್ಯರ ಕಾಲುಗಳನ್ನು ತೊಳೆಯುವದಕ್ಕೆ ತಾನೇ ನೀರು ಹೊಯ್ದನು. ಒಬ್ಬರ ಭಾರವನ್ನು ಒಬ್ಬರು ಹೊರಬೇಕೆಂದು ಪೌಲನು ಗಲಾತ್ಯದವರಿಗೆ ಬರೆದದ್ದು ಬರೇ ದುಃಖದ ಭಾರವನ್ನು ಕುರಿತದ್ದೆಂದು ನಾವು ತಿಳಿಯಬಾರದು. ಒಂದು ಕೊಡ ನೀರೂ ಭಾರವೇ.

ಲೂಕನು ಹೇಳುವ ಮಾರ್ಥ ಮರಿಯರ ಕಥೆಯನ್ನು ನಾವು ಅನೇಕ ಸಾರಿ ಕೇಳಿದ್ದೇವೆ. ಮರಿಯಳು ಕರ್ತನ ಪಾದದ ಬಳಿಯಲ್ಲಿ ಕೂತಳು. ಮಾರ್ಥಳು ಅಡಿಗೆಯ ಮನೆಯಲ್ಲಿ ಕಳವಳಪಟ್ಟಳು. ಇದನ್ನು ಓದಿ ಮಾರ್ಥಳನ್ನು ನಿಂದಿಸುವದು ಊಟಮಾಡುವವರಿಗೆ ಸುಲಭ. ಕರ್ತನು ಮರಿಯಳ ಪಾಲನ್ನು ಅವಳಿಂದ ಕಸಕೊಳ್ಳಗೊಡಲಿಲ್ಲ. ಆ ಪಾಲು ಮಾರ್ಥಳಿಗೆ ಬೇಡವೆಂದೂ ಆತನು ಹೇಳಲಿಲ್ಲ. ಇವರಿಗೆ ಲಾಜರನೆಂಬ ಸಹೋದರನಿದ್ದನೆಂದು ಯೋಹಾನನು ತಿಳಿಸುತ್ತಾನೆ. ಲೂಕನು ಅವನ ಹೆಸರನ್ನು ಎತ್ತುವದಿಲ್ಲ. ನಮ್ಮ ಮನೆಗಳಲ್ಲಿಯಾದರೋ ಲಾಜರರು ಇದ್ದಾರೆ. ಅವರು ಎದ್ದು ಎರಡು ಪಾತ್ರೆ ತೊಳೆದರೆ ಮಾರ್ಥಳೂ ಬಂದು ಕೂತುಕೊಳ್ಳಬಹುದು.

ಇನ್ನು, ಸಮುದ್ರದೊಂದಿಗೆ ಸರಿಯುವ ದಿನಗಳಲ್ಲಿ ವೇಳೆಯನ್ನು ಗೊತ್ತುಮಾಡುವ ಕ್ರಮವನ್ನು ಹೇಳುವೆವು. ಗಡಿಯಾರಕ್ಕೆ ಕಟ್ಟಲಾಗದ ಪ್ರಾರ್ಥನೆಯನ್ನು ದಿನಾಲು ತಪ್ಪದೆ ಮಾಡುವ ಒಂದು ಕೆಲಸಕ್ಕೆ ಕಟ್ಟಿರಿ. ದೋಣಿಯನ್ನು ನೀರಿಗೆ ನೂಕುವ ಮುಂಚೆ, ಅದು ಯಾವ ತಾಸಾದರೂ ಆಗಲಿ, ಹಗ್ಗವನ್ನು ಬಿಚ್ಚದೆ ಒಂದು ಕ್ಷಣ ನಿಲ್ಲಿರಿ. ಒಲೆಯನ್ನು ಹೊತ್ತಿಸುವಾಗ ಮೊದಲನೆಯ ಮಾತು ದೇವರೊಡನೆ ಆಗಲಿ. ದೀಪ ಹಚ್ಚಿದಾಗ ಮನೆಯಲ್ಲಿದ್ದವರು ಕೂಡಿರಿ. ನಮ್ಮ ನೆರೆಯವರು ಮುಚ್ಚಂಜೆಯಲ್ಲಿ ತುಳಸಿಯ ಮುಂದೆ ದೀಪವಿಡುವದನ್ನು ಮರೆಯುವದಿಲ್ಲ. ಭಟ್ಕಳದ ಮಸೀದಿಗಳಿಂದ ದಿನಕ್ಕೆ ಐದು ಸಾರಿ ಕರೆ ಕೇಳಿಸುತ್ತದೆ. ಅವರೂ ನಮ್ಮ ಹಾಗೆ ಕೆಲಸಗಾರರೇ. ಅವರ ಶ್ರದ್ಧೆಯನ್ನು ನೋಡಿ ನಾವು ನಮ್ಮ ಆಲಸ್ಯವನ್ನು ಬಿಡೋಣ.

ಉದ್ದವಾದ ಮಾತುಗಳು ಬರುವದಿಲ್ಲವೆಂದು ಯಾವಳೂ ಹಿಂಜರಿಯದಿರಲಿ. ಬಹಳ ಮಾತುಗಳಿಂದ ದೇವರು ಕೇಳುತ್ತಾನೆಂದು ನೆನಸಬಾರದೆಂದು ಕರ್ತನೇ ಕಲಿಸಿದನು. ಅರಸನು ಪ್ರಶ್ನೆ ಕೇಳಿದ್ದಕ್ಕೂ ತಾನು ಉತ್ತರಕೊಟ್ಟದ್ದಕ್ಕೂ ನಡುವೆ ನೆಹೆಮೀಯನು ಪ್ರಾರ್ಥಿಸಿದನು. ಅದಕ್ಕೆ ಎಷ್ಟು ಹೊತ್ತು ಹಿಡಿದೀತು? ಆದರೆ ಅದೇ ನೆಹೆಮೀಯನು ಅದಕ್ಕೆ ಮೊದಲು ಅನೇಕ ದಿವಸ ಉಪವಾಸವಾಗಿದ್ದು ಪ್ರಾರ್ಥಿಸಿದ್ದನೆಂಬದನ್ನೂ ಮರೆಯಬೇಡಿರಿ. ದಿನದ ನಡುವೆ ಒಂದು ಉಸುರಿನಲ್ಲಿ ಮಾಡುವ ಪ್ರಾರ್ಥನೆಯೂ, ಕೂತು ಮಾಡುವ ಪ್ರಾರ್ಥನೆಯೂ ಬಾವಿಯ ನೀರು ಮತ್ತು ಒರತೆಯ ಹಾಗೆ ಒಂದಕ್ಕೊಂದು ಸೇರಿವೆ. ಒರತೆಯು ಬತ್ತಿದರೆ ಬಿಂದಿಗೆಯು ಬರಿದಾಗಿಯೇ ಬರುವದು.

ದೂರದಲ್ಲಿರುವ ಮಕ್ಕಳನ್ನೂ ಕಟ್ಟೆಯ ಹೊರಗೆ ಬಿಡಬೇಡಿರಿ. ಗೋವೆಯಲ್ಲಿ ಇಲ್ಲವೆ ಬೆಂಗಳೂರಿನಲ್ಲಿ ದುಡಿಯುವ ಮಗನಿಗೆ, ರಾತ್ರಿ ದೀಪ ಆರಿಸುವ ಮುಂಚೆ ನಾವು ನಿನ್ನ ಹೆಸರನ್ನು ದೇವರ ಮುಂದೆ ಹೇಳುತ್ತೇವೆಂದು ತಿಳಿಸಿರಿ. ಅವನೂ ಆಗಲೇ ನಿಮ್ಮ ಹೆಸರನ್ನು ಹೇಳಲಿ. ನಮ್ಮ ವೇಳೆಯನ್ನು ಕದಿಯುತ್ತಿದ್ದ ಮೊಬೈಲೇ ಆಗ ಮನೆಯವರನ್ನು ಒಂದುಗೂಡಿಸಬಹುದು.

ಕಡೆಗೆ ಒಂದು ಪ್ರಶ್ನೆಯು ಉಳಿಯುತ್ತದೆ. ಹೀಗೆ ಪ್ರಾರ್ಥಿಸಿದರೆ ಬಲೆ ತುಂಬುವದೋ, ಸಾಲ ತೀರುವದೋ ಎಂದು ಕೇಳುವವರಿದ್ದಾರೆ. ದೇವರು ವಾಗ್ದಾನಮಾಡದ್ದನ್ನು ನಾವು ಆತನ ಹೆಸರಿನಲ್ಲಿ ವಾಗ್ದಾನಮಾಡಲಾರೆವು. ಪ್ರಾರ್ಥಿಸುವವನ ದೋಣಿಯೂ ಬರಿದಾಗಿ ಬರುವದುಂಟು. ಗೆತ್ಸೆಮನೆಯಲ್ಲಿ ಪ್ರಾರ್ಥಿಸಿದ ಕರ್ತನು ಶಿಲುಬೆಗೆ ಹೋದನು. ಆದರೆ ಬರಿದಾದ ದೋಣಿಯಿಂದ ಇಳಿಯುವಾಗ, ಕೋಪದಿಂದ ಮನೆಯವರ ಮೇಲೆ ಕೈಯೆತ್ತುವವನೂ, ಸಾರಾಯಿಯ ಅಂಗಡಿಗೆ ಹೋಗುವವನೂ, ತಂದೆಯೇ ಈ ದಿನವೂ ನಿನ್ನದು ಎಂದು ಹೇಳಿ ಮನೆಗೆ ಬರುವವನೂ ಒಂದೇ ಅಲ್ಲ. ಕಗ್ಗವು ಉಪ್ಪನ್ನು ಇಲ್ಲದಂತೆ ಮಾಡುವದಿಲ್ಲ. ಉಪ್ಪಿನ ನೆಲದಲ್ಲಿಯೇ ನಿಂತು ತೆನೆ ಬಿಡುತ್ತದೆ. ದಿನಾಲು ಪ್ರಾರ್ಥಿಸುವ ಮನೆಯು ಹೀಗೆಯೇ ಇರುವದು.

ಆದಕಾರಣ ಪ್ರಿಯರೇ, ಈ ಪತ್ರಿಕೆಯನ್ನು ಮಡಿಸಿಡುವ ಮುಂಚೆ ಮನೆಯವರೆಲ್ಲರೂ ಕೂತು ಎರಡು ಮಾತುಗಳನ್ನು ನಿಶ್ಚಯಿಸಿರಿ. ನಮ್ಮ ಪ್ರಾರ್ಥನೆಯನ್ನು ದಿನದ ಯಾವ ಕೆಲಸಕ್ಕೆ ಕಟ್ಟುವೆವು? ಮತ್ತು ಆ ಹೊತ್ತಿನಲ್ಲಿ ಕೂಡ್ರಲಾರದವರು ಕೂತುಕೊಳ್ಳುವಂತೆ, ಅವರ ಕೈಯ ಕೆಲಸವನ್ನು ಯಾರು ತಕ್ಕೊಳ್ಳುವರು? ಎರಡನೆಯದಕ್ಕೆ ಉತ್ತರ ದೊರಕಿದರೆ, ಮೊದಲನೆಯದು ನಿಲ್ಲುವದು.

ಪರಲೋಕದ ತಂದೆಯೇ, ಸಮುದ್ರಕ್ಕೆ ಎಲ್ಲೆಯನ್ನು ನೇಮಿಸಿದಾತನೇ, ನಮ್ಮ ದಿನಗಳಿಗೂ ನೀನು ಎಲ್ಲೆಯನ್ನು ನೇಮಿಸು. ನಮ್ಮ ಕೆಲಸವನ್ನು ಆಶೀರ್ವದಿಸು. ಅದು ನಿನ್ನ ಸ್ಥಳವನ್ನು ಆಕ್ರಮಿಸದಿರಲಿ. ನಮ್ಮ ಮನೆಗಳಲ್ಲಿ ದಣಿದವರ ಕೈಗಳನ್ನು ಆತುಕೊಳ್ಳುವ ಪ್ರೀತಿಯನ್ನು ನಮಗೆ ಕೊಡು. ಕತ್ತಲಿರುವಾಗಲೇ ಎದ್ದು ನಿನ್ನನ್ನು ಹುಡುಕಿದ ನಿನ್ನ ಕುಮಾರನ ಹೆಸರಿನಲ್ಲಿ ಬೇಡುತ್ತೇವೆ. ಆಮೆನ್.